ಹಾಕಿ ಹುಡುಗನ ಜಾತಕಫಲ

ಶಿರಸಿಯ ಕಡೆಯ 14 ವರ್ಷದ ಹುಡುಗನೊಬ್ಬ ಕಿರಿಯರ ರಾಜ್ಯ ಹಾಕಿ ತಂಡಕ್ಕೆ ಆಯ್ಕೆಯಾದ ಸುದ್ದಿಯನ್ನು ತಾವೆಲ್ಲರೂ ಓದಿಯೇ ಇರುತ್ತೀರಿ. ಓದದವರ ಕಣ್ಣಿಗೂ ದೇವಿಕೆರೆಯ ಬಳಿ ಕಟ್ಟಿದ ಫ್ಲೆಕ್ಸ್ ಬೀಳದೆ ಇರಲಾರದು. ಅದರಲ್ಲಿ ಹುಡುಗನ ಮುಖ ಅಂಚೆಚೀಟಿಯಷ್ಟಿದ್ದರೆ, ಶುಭ ಕೋರುವವರ ಮುಖಗಳು ತಲಾ ಒಂದು ಮೊರದಷ್ಟಿವೆ. ಎಣಿಸಿ ನೋಡಿದೆ, ಸರಿಯಾಗಿ 11 ಮಂದಿ. ಹಾಕಿಯಲ್ಲಿ ಒಂದು ತಂಡದಿಂದ ಅಂಗಳಕ್ಕಿಳಿಯುವವರೂ ಅಷ್ಟೇ ಜನರಾದ್ದರಿಂದ, ಯಾರೋ ಆಟದ ನಿಯಮಗಳನ್ನು ಓದಿಕೊಂಡೇ ಫ್ಲೆಕ್ಸ್ ಮಾಡಿಸಿರಬೇಕೆಂದು ಸಮಾಧಾನಪಟ್ಟುಕೊಂಡೆ. ಕೆಳಗೆ ‘ಭಾವೀ ಒಲಿಂಪಿಯನ್’ ಎಂಬ ಬಿರುದೂ ಇದೆ.

ಸನ್ಮಾನ ಸಭೆಯಲ್ಲಿ ಆ ಭವಿಷ್ಯ ಇನ್ನಷ್ಟು ನಿಚ್ಚಳವಾಯಿತು. ಮೊದಲ ಭಾಷಣಕಾರರು ಹುಡುಗನನ್ನು 2032ರ ಬ್ರಿಸ್ಬೇನ್ ಒಲಿಂಪಿಕ್ಸ್‌ಗೆ ಆಯ್ಕೆ ಮಾಡಿದರು. ಎರಡನೆಯವರು ನಾಯಕತ್ವವನ್ನೂ ಕೊಟ್ಟರು. ಮೂರನೆಯವರು ಲೆಕ್ಕದಲ್ಲಿ ಗಟ್ಟಿಗರಾದ್ದರಿಂದ, 2024ರ ಅಕ್ಟೋಬರ್‌ನಲ್ಲಿ ನಡೆದ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ ಬಂದ 78 ಲಕ್ಷ ರೂಪಾಯಿಯನ್ನು ಅಸಲಾಗಿ ಹಿಡಿದು, ಸೊಸೈಟಿಯ ಠೇವಣಿಗೆ ಬಡ್ಡಿ ಕಟ್ಟುವ ಕ್ರಮದಲ್ಲಿಯೇ ಬಡ್ಡಿ ಕಟ್ಟಿ, ನಮ್ಮ ಹುಡುಗನ ಬೆಲೆಯನ್ನು ಒಂದೂಕಾಲು ಕೋಟಿಗೆ ತಂದು ನಿಲ್ಲಿಸಿದರು. ಅಂತರರಾಷ್ಟ್ರೀಯ ಅಂಗಳದಲ್ಲಿ ಅವನು ಗೋಲುಗಳ ಸುರಿಮಳೆಗರೆಯಲಿದ್ದಾನೆಂದು ನಾಲ್ಕನೆಯವರು ಭವಿಷ್ಯ ನುಡಿದಾಗ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಹುಡುಗ ಗೋಲ್‌ಕೀಪರ್.

ಭವಿಷ್ಯ ಹೇಳುವ ವಿದ್ಯೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಅಡಿಕೆ ತೋಟದ ಫಸಲಿನ ಅಂದಾಜು ಕೇಳಿದರೆ, ಕೊನೆ ಕೊಯ್ಯುವ ನಮ್ಮ ಕೊನೆಗೌಡ ಮೊದಲು ಕಾಲಿಗೆ ತಳೆ ಹಾಕಿ ಮರ ಹತ್ತುತ್ತಾನೆ, ಕೊನೆಯನ್ನು ಮುಟ್ಟಿ ನೋಡುತ್ತಾನೆ, ಇಳಿದು ಬಂದು ಒಂದು ಕವಳ ಹಾಕಿದ ಮೇಲೆ, ‘ಆಷಾಢ ಕಳೀಲಿ, ಆಮೇಲೆ ನೋಡುವಾ’ ಎನ್ನುತ್ತಾನೆ. ಕೊಳೆರೋಗ ಬರಬಹುದು, ಬೋರ್ಡೊ ಹೊಡೆದ ಮಾರನೆಯ ದಿನವೇ ಜಡಿಮಳೆ ಹಿಡಿಯಬಹುದು, ಮಂಗಗಳ ಹಿಂಡು ಇಳಿಯಬಹುದು. ಇಷ್ಟನ್ನೂ ದಾಟಿ ಅಂಗಳಕ್ಕೆ ಬಂದ ಅಡಿಕೆಯಲ್ಲಿಯೂ ಚಾಲಿ ಎಷ್ಟು, ಕೆಂಪುಗೋಟು ಎಷ್ಟು, ಕೋಕ ಎಷ್ಟು ಎಂಬುದು ಒಣಗಿಸಿ, ಸುಲಿದು, ಆರಿಸಿದ ಮೇಲಷ್ಟೇ ತಿಳಿಯುವ ಸಂಗತಿ. ಮರ ಹತ್ತಿ ಇಳಿದವನ ನಾಲಗೆಯೇ ಇಷ್ಟು ಬಿಗಿಯಾಗಿರುವಾಗ, ತೋಟದ ದಣಪೆಯನ್ನೂ ದಾಟದೆ ದರ ಕೂಗುವವರ ಧೈರ್ಯವನ್ನು ಮೆಚ್ಚದೆ ಇರುವುದು ಹೇಗೆ?

ನಮ್ಮೂರಿನ ಅನೇಕ ಮನೆಗಳಂತೆ ನಮ್ಮ ಮನೆಯವನೂ ಒಬ್ಬ ಟೊರೊಂಟೊದಲ್ಲಿದ್ದಾನೆ. ಅಲ್ಲಿ ಹಾಕಿಯೆಂದರೆ ಮಂಜುಗಡ್ಡೆಯ ಮೇಲಿನದು. ಹದಿನೆಂಟರ ಆಸುಪಾಸಿನ ಹುಡುಗರ ಮುಂದಿನ ಬದುಕನ್ನು ಅಳೆದು ಹೇಳುವುದೇ ಅಲ್ಲಿ ಕೆಲವರಿಗೆ ಪೂರ್ಣಾವಧಿಯ ಉದ್ಯೋಗ. ಅವರ ಅಳತೆಯನ್ನು ನಂಬಿ ವೃತ್ತಿಪರ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುತ್ತವೆ. 1993ರಲ್ಲಿ ಒಟ್ಟಾವ ತಂಡ ಎಲ್ಲರಿಗಿಂತ ಮೊದಲು ಆರಿಸಿಕೊಂಡ ಅಲೆಕ್ಸಾಂದ್ರ್ ಡೇಗ್ಲ್ ಆ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. 1998ರಲ್ಲಿ 171ನೆಯವನಾಗಿ ಡೆಟ್ರಾಯಿಟ್ ತಂಡ ಎತ್ತಿಕೊಂಡ ರಷ್ಯಾದ ಪಾವೆಲ್ ದತ್ಸ್ಯುಕ್ ಅಲ್ಲಿಯ ಅತಿ ದೊಡ್ಡ ಪ್ರಶಸ್ತಿಯಾದ ಸ್ಟಾನ್ಲಿ ಕಪ್ಪನ್ನು ಎರಡು ಬಾರಿ ಗೆದ್ದ. ಹಾಗೆ ಅಳೆಯುವವರು ಊರೂರು ಅಲೆದು, ಪಂದ್ಯದ ಮೇಲೆ ಪಂದ್ಯ ನೋಡಿ, ಬಳಿಕ ತಪ್ಪುತ್ತಾರೆ. ಒಂದು ಪಂದ್ಯವನ್ನೂ ನೋಡದೆ ಅದೇ ತಪ್ಪನ್ನು ಮಾಡಬಲ್ಲ ನಮ್ಮವರ ಮಿತವ್ಯಯ ಅವರಿಗೆ ತಿಳಿದಂತಿಲ್ಲ.

ಬಡ್ಡಿ ಕಟ್ಟಿದ ಮಹನೀಯರು ಒಂದು ಸಣ್ಣ ವಿವರವನ್ನು ಬಿಟ್ಟಿದ್ದರು. ಹಾಕಿ ಇಂಡಿಯಾ ಲೀಗ್ 2013ರಲ್ಲಿ ಆರಂಭವಾಗಿ, 2017ರ ನಂತರ ನಿಂತುಹೋಗಿ, ಮತ್ತೆ ಕಣ್ಣು ಬಿಟ್ಟದ್ದು 2024ರ ಡಿಸೆಂಬರ್ ಕೊನೆಗೆ. 2017ರಲ್ಲಿ 18 ತುಂಬಿದ ಆಟಗಾರನಿಗೆ ಯಾವ ಜೋಯಿಸರು ಜಾತಕ ಬರೆದಿದ್ದರೂ, ಅವನಿಗೆ 25 ಆಗುವವರೆಗೆ ಧನಸ್ಥಾನ ಖಾಲಿಯೇ. ನಮ್ಮ ದೇಶದಲ್ಲಿ ಹಾಕಿಯನ್ನು ವೃತ್ತಿ ಮಾಡಿಕೊಳ್ಳುವುದೆಂದರೆ ಬಹುಮಟ್ಟಿಗೆ ರೈಲ್ವೆ, ಸೇನೆ ಅಥವಾ ಪೆಟ್ರೋಲಿಯಂ ಕಂಪನಿಯೊಂದರಲ್ಲಿ ನೌಕರಿ ಹಿಡಿದು ಆ ತಂಡಕ್ಕೆ ಆಡುವುದು. ಶಿರಸಿಗೆ ರೈಲಿಲ್ಲ, ಹುಬ್ಬಳ್ಳಿ–ಅಂಕೋಲಾ ರೈಲು ದಶಕಗಳಿಂದ ಭವಿಷ್ಯದಲ್ಲಿಯೇ ಓಡುತ್ತಿದೆ. ರೈಲಿಗಿಂತ ಮೊದಲು ರೈಲ್ವೆಯ ನೌಕರಿ ಬಂದರೆ ಜಿಲ್ಲೆ ಅಷ್ಟರಮಟ್ಟಿಗೆ ಮುಂದುವರಿದಂತೆಯೇ ಸರಿ.

ಇನ್ನು ಅಂಗಳದ ಮಾತು. 1976ರ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಹಾಕಿ ಕೃತಕ ಹುಲ್ಲುಹಾಸಿನ ಮೇಲೇರಿತು, ಭಾರತ 7ನೆಯ ಸ್ಥಾನಕ್ಕೆ ಇಳಿಯಿತು. ಅರ್ಧ ಶತಮಾನ ಕಳೆದರೂ ನಮ್ಮ ಹುಡುಗ ಆಡುವುದು ಜಂಬಿಟ್ಟಿಗೆ ಹರಳಿನ ಕೆಂಪು ನೆಲದ ಮೇಲೆ, ಅದೂ ಮಳೆಗಾಲದ ನಾಲ್ಕು ತಿಂಗಳು ಬಿಟ್ಟು. ಹಾಸಿನ ಮೇಲೆ ಚೆಂಡು ನೆಲಕ್ಕಂಟಿ ಬಾಣದಂತೆ ಬರುತ್ತದೆ. ಇಲ್ಲಿ ಹರಳಿಗೆ ತಾಗಿದ ಮೇಲೆ ತಾನು ಹೋಗುವುದೆಲ್ಲಿಗೆಂದು ಚೆಂಡಿಗೂ ಗೊತ್ತಿರುವುದಿಲ್ಲ. ಒಲಿಂಪಿಕ್ಸ್‌ನ ಹಾಸಿನ ಮೇಲೆ ಪಂದ್ಯಕ್ಕೆ ಮೊದಲು ನೀರು ಹೊಡೆಯುತ್ತಾರೆ. ನೀರು ನಮ್ಮಲ್ಲಿ ಬೇಕಾದಷ್ಟಿದೆ.

ನಗೆ ಸಾಕು. ಆ ಹುಡುಗ ಕಾಲಿಗೆ ಕಟ್ಟಿಕೊಳ್ಳುವುದು ಯಾರೋ ಬಿಸಾಡಿದ ಕ್ರಿಕೆಟ್ ಪ್ಯಾಡು. ಆಯ್ಕೆಯ ದಿನ ಕಿಟ್ಟು ಎರವಲು ತಂದಿದ್ದ. ಮೊಣಕೈಯ ಗಾಯ ಮಾಯುವುದರೊಳಗೆ ಮತ್ತೆ ಕೆರೆದುಹೋಗುತ್ತದೆ. ಎರಡು ಒಲಿಂಪಿಕ್ ಕಂಚು ಗೆದ್ದ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ಅವರ ಹೆಸರನ್ನು ವೇದಿಕೆಯಲ್ಲಿ ಐದು ಬಾರಿ ಹೇಳಿದರು. ಆ ಶ್ರೀಜೇಶ್ ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾಶಾಲೆಗೆ ಸೇರಿದ್ದು ಅಥ್ಲೀಟ್ ಆಗಿ. ಗೋಲಿನ ಮುಂದೆ ನಿಲ್ಲಿಸಲು ಅಲ್ಲಿ ತರಬೇತುದಾರರಿದ್ದರು, ಕಿಟ್ಟಿಗಾಗಿ ಅವರ ತಂದೆ ಹಸುವನ್ನು ಮಾರಿದರು. ನಮ್ಮ ಹುಡುಗನಿಗೆ ಆ ಶಾಲೆಯಿಲ್ಲ, ಆ ತರಬೇತುದಾರರಿಲ್ಲ, ಮಾರುವುದಕ್ಕೆ ಮನೆಯಲ್ಲಿ ಹಸುವೂ ಇಲ್ಲ. ಶಾಲು, ಹಾರ, ಫ್ಲೆಕ್ಸ್, ಧ್ವನಿವರ್ಧಕ, ಮುನ್ನೂರು ಜನರ ಊಟ, ಇವುಗಳಿಗೆ ಸುರಿದ ಹಣದಲ್ಲಿ ಅವನಿಗೊಂದು ಗೋಲ್‌ಕೀಪರ್ ಕಿಟ್ಟು ಬರುತ್ತಿತ್ತು. ಇದನ್ನು ತಿಳಿಯಲು ಪಂಚಾಂಗ ನೋಡಬೇಕಿರಲಿಲ್ಲ, ಹುಡುಗನನ್ನು ಕೇಳಿದ್ದರೆ ಸಾಕಿತ್ತು. ಆ ದಿನ ಅವನ ಕೈಗೆ ಮೈಕು ಬಂದದ್ದು ವಂದನಾರ್ಪಣೆಗೆ.

ಸಭೆಯ ಮಾರನೆಯ ಸಂಜೆ ಆ ಮೈದಾನದ ಕಡೆಗೆ ಹೋಗಿದ್ದೆ. ಚಪ್ಪರದ ಕಂಬ ಕಿತ್ತ ಗುಂಡಿಗಳು ಗೋಲಿನ ಎದುರಿನಲ್ಲಿಯೇ ಸಾಲಾಗಿ ಬಾಯಿ ಬಿಟ್ಟುಕೊಂಡಿದ್ದವು, ಒಟ್ಟು ಎಂಟು. ಹುಡುಗನೂ ಅವನ ಅಪ್ಪನೂ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ತುಂಬಿ, ಕಾಲಿನಿಂದ ತುಳಿದು ಗಟ್ಟಿ ಮಾಡುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಆರು ಮುಗಿದಿದ್ದವು.