ಲೋಡಿಂಗ್ 99ಕ್ಕೆ ನಿಂತಿತ್ತು

ಹೋದ ಭಾನುವಾರ ಸಂಜೆ ಅಕ್ಕನ ಮಗ ಅಂಗಡಿಗೆ ಬಂದ. ಎಂಟನೇ ಕ್ಲಾಸು, ಇಲ್ಲೇ ಗಂಗಾವತಿಯಲ್ಲಿ. ಕೌಂಟರ್ ಪಕ್ಕ ಸುಮ್ನೆ ನಿಂತಿದ್ದ. ಮಿರ್ಚಿ ತರಿಸ್ಲಾ ಅಂದರೂ ಬೇಡ ಅಂದ. ಇವನು ಮಿರ್ಚಿ ಬೇಡ ಅಂದರೆ ಏನೋ ಆಗಿದೆ ಅಂತಲೇ ಲೆಕ್ಕ.

"ಮಾಮಾ, ನನ್ನ ಪೆಟ್ ಎಲ್ಲಾ ಹೋದುವು."

ಅವರ ಮನೆಯಲ್ಲಿರುವುದು ಒಂದೇ ಬೆಕ್ಕು. ಆಮೇಲೆ ತಿಳಿಯಿತು, ಅವನಾಡುವ ಆನ್‌ಲೈನ್ ತೋಟದ ಆಟದಲ್ಲಿ ತಿಂಗಳುಗಟ್ಟಲೆ ಕೂಡಿಸಿಟ್ಟ ಪ್ರಾಣಿಗಳಂತೆ.

ಯೂಟ್ಯೂಬಲ್ಲಿ ಒಂದು ವಿಡಿಯೋ ನೋಡಿದ್ದಾನೆ. ಬೇರೆಯವರ ಪೆಟ್ ಎಳೆದುಕೊಳ್ಳುವ ಸ್ಕ್ರಿಪ್ಟ್, ಅಂದರೆ ಆಟದೊಳಗೆ ಓಡಿಸುವ ಸಣ್ಣ ಕೋಡು, ಅದೂ ಫ್ರೀ. ಪ್ಲೇ ಸ್ಟೋರ್‌ನಲ್ಲಿಲ್ಲದ ಒಂದು ಎಪಿಕೆ (ಹೊರಗಿಂದ ಹಾಕಿಕೊಳ್ಳುವ ಆ್ಯಪ್ ಫೈಲು) ಹಾಕಿಕೊಂಡು, ಕೆಳಗೆ ಕೊಟ್ಟ ಒಂದು ಸಾಲನ್ನು ಕಾಪಿ ಮಾಡಿ ಅಂಟಿಸಬೇಕು. ಅಂಟಿಸಿದ. ಪರದೆಯೆಲ್ಲ ಕಪ್ಪಾಯಿತು. ನಡುವೆ ಹಸಿರು ಪಟ್ಟಿ. ಲೋಡಿಂಗ್ 40, 70, 99. ಅಲ್ಲೇ ನಿಂತಿತು.

"ನೆಟ್ ಸ್ಲೋ ಐತಿ ಅನ್ಕೊಂಡೆ ಮಾಮಾ."

ನೆಟ್ ಚೆನ್ನಾಗೇ ಇತ್ತು. ಆ ಕಪ್ಪು ಪರದೆಯ ಹಿಂದೆ ಇವನ ಪೆಟ್‌ಗಳು ಒಂದೊಂದಾಗಿ ಯಾರಿಗೋ ಗಿಫ್ಟ್ ಆಗುತ್ತಿದ್ದವು. ಅದು ಕಾಣಬಾರದು ಅಂತಲೇ ಆ ಪಟ್ಟಿ. ಅಂಟಿಸಿದ ಸಾಲನ್ನು ನಾನೂ ನೋಡಿದೆ. ಅದರಲ್ಲಿ ಏನೂ ಇಲ್ಲ, ಬರೀ ಒಂದು ಲಿಂಕು. ಅಸಲಿ ಕೋಡು ಬೇರೆಲ್ಲೋ ಇರುತ್ತೆ.

ಹೌದು, ನಮ್ಮ ಹುಡುಗ ಬೇರೆಯವರದ್ದು ಹೊಡೆಯೋಕೆ ಹೋಗಿದ್ದ. ಅದಕ್ಕೇ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಇಂಥ ಟೂಲ್ ಮಾಡುವವರಿಗೆ ಈ ನಾಚಿಕೆಯೇ ಬಂಡವಾಳ. ಕದಿಯಲು ಹೋಗಿ ಕಳೆದುಕೊಂಡವನು ಯಾರ ಹತ್ತಿರ ಹೇಳಿಕೊಳ್ಳುತ್ತಾನೆ?

ನನ್ನ ತಕರಾರು ದೊಡ್ಡವರ ಮೇಲೆ, ನನ್ನನ್ನೂ ಸೇರಿಸಿ. ಪಾಸ್‌ವರ್ಡ್ ಕೊಡಬೇಡ, ಒಟಿಪಿ ಹೇಳಬೇಡ ಅಂತಷ್ಟೇ ಹೇಳಿ ಕೈ ತೊಳೆದುಕೊಳ್ಳುತ್ತೇವೆ ಅಲ್ವಾ? ಇವನು ಎರಡನ್ನೂ ಕೊಟ್ಟಿಲ್ಲ. ಟೂ ಸ್ಟೆಪ್ ವೆರಿಫಿಕೇಶನ್ನೂ ಆನ್ ಇತ್ತು. ಆದರೆ ಆಗಲೇ ಲಾಗಿನ್ ಆಗಿ ಕೂತಿದ್ದ. ಅವನ ಖಾತೆಯಿಂದ, ಅವನ ಕೈಲಿದ್ದ ಫೋನಿಂದಲೇ ಗಿಫ್ಟ್ ಹೋದವು. ಅಲ್ಲಿ ಒಟಿಪಿ ಕೇಳೋರು ಯಾರು? ಬ್ರೌಸರ್‌ನಲ್ಲಿ ಉಳಿಯುವ ಲಾಗಿನ್ ಕುಕಿ, ಅಂದರೆ ನೀವು ಆಗಲೇ ಲಾಗಿನ್ ಆಗಿದ್ದೀರಿ ಅಂತ ನೆನಪಿಡುವ ಗುರುತು, ಅದರದ್ದೂ ಇದೇ ಕಥೆ. ಅದು ಸಿಕ್ಕರೆ ಪಾಸ್‌ವರ್ಡ್ ಬೇಕಾಗಿಲ್ಲ. ರೋಬ್ಲಾಕ್ಸ್ ಅನ್ನೋ ಆನ್‌ಲೈನ್ ಆಟದ ಕಂಪನಿಯವರು ತಮ್ಮ ಕುಕಿಯೊಳಗೇ 'ಇದನ್ನು ಯಾರಿಗೂ ಕೊಡಬೇಡಿ' ಅಂತ ಎಚ್ಚರಿಕೆ ಬರೆದಿಟ್ಟಿದ್ದಾರೆ.

ನನಗೆ ನಿಜಕ್ಕೂ ಹೆದರಿಕೆ ಆಗಿದ್ದು ಬೇರೆಯದಕ್ಕೆ. ಫೋನ್ ಭಾವನದು. ಅದರಲ್ಲೇ ಫೋನ್‌ಪೇ. ಆ ಎಪಿಕೆಗೆ ಇವನು ಆಕ್ಸೆಸಿಬಿಲಿಟಿ ಪರ್ಮಿಷನ್ ಕೊಟ್ಟುಬಿಟ್ಟಿದ್ದ! ಅಂದರೆ ಪರದೆಯ ಮೇಲೆ ಬಂದದ್ದನ್ನು ಓದಬಹುದು, ಬಟನ್ನೂ ಒತ್ತಬಹುದು. ತಕ್ಷಣ ನೆಟ್ ಆಫ್ ಮಾಡಿದೆ. ನನ್ನ ಫೋನಿಂದ ಅವನ ಖಾತೆಯ ಪಾಸ್‌ವರ್ಡ್ ಬದಲಿಸಿ, ಉಳಿದ ಕಡೆಯೆಲ್ಲ ಲಾಗೌಟ್ ಮಾಡಿಸಿದೆ. ಫೋಟೋ ಮಾತ್ರ ಉಳಿಸಿಕೊಂಡು ಆ ಫೋನನ್ನು ಪೂರ್ತಿ ರೀಸೆಟ್ ಮಾಡಿದೆ. ದುಡ್ಡು ಹೋಗಿರಲಿಲ್ಲ. ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುತ್ತಿದ್ದೆ.

ರಾತ್ರಿ ಭಾವನಿಗೆ ನಾನೇ ಹೇಳಿದೆ, ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಭಾವ ಬಹಳ ಹೊತ್ತು ಸುಮ್ಮನಿದ್ದು, "ಪೆಟ್ ಅಂದ್ರ ಏನಲೇ?" ಅಂದರು.

ಪೆಟ್‌ಗಳು ವಾಪಸ್ ಬಂದಿಲ್ಲ. ಮೊದಲಿಂದ ಮತ್ತೆ ಕ್ಯಾರೆಟ್ ಬಿತ್ತುತ್ತಿದ್ದಾನೆ.