ಅವರು ‘ಮುದ್ದಾದ ಅಜ್ಜಿಯರು’ ಅಲ್ಲ

ಭಾನುವಾರ ನಮ್ಮ ಓದುಗೂಟದಲ್ಲಿ ರಿಚರ್ಡ್ ಆಸ್ಮನ್ ಅವರ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ (2020) ಬಗ್ಗೆ ಮಾತನಾಡಿದೆವು. ಒಬ್ಬರು ನಗುತ್ತಾ, “ಮುದ್ದಾದ ಅಜ್ಜ ಅಜ್ಜಿಯರ ಕಥೆ” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಅಲ್ಲಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮುದ್ದು ಎನ್ನುವುದು ಮೂರು ವರ್ಷದ ಮಗುವಿಗೆ ಹೇಳುವ ಮಾತು. ಇಂಗ್ಲೆಂಡಿನ ಕೆಂಟ್‌ನಲ್ಲಿ, ವೃದ್ಧರ ವಸತಿಯೊಂದರಲ್ಲಿ, ಪ್ರತಿ ಗುರುವಾರ ಸೇರಿ ಹಳೆಯ ಕೊಲೆ ಪ್ರಕರಣಗಳ ಕಡತ ಬಿಚ್ಚುವ ಆ ನಾಲ್ವರು ಯಾರು? ಎಲಿಜಬೆತ್ ಗೂಢಚಾರಿಣಿಯಾಗಿದ್ದವಳು. ರಾನ್ ಕಾರ್ಮಿಕ ನಾಯಕ, ಇಬ್ರಾಹಿಂ ಮನೋವೈದ್ಯ, ಜಾಯ್ಸ್ ನರ್ಸ್. ಇರಿತಕ್ಕೊಳಗಾದ ಹುಡುಗಿ ಎಷ್ಟು ಹೊತ್ತು ಬದುಕಿರಬಹುದು ಎಂದು ಊಟದ ಮೇಜಿನಲ್ಲಿ ಕೇಳಿದರೂ ಜಾಯ್ಸ್ ಗಾಬರಿಯಾಗುವುದಿಲ್ಲ, ಲೆಕ್ಕ ಹಾಕಿ ಹೇಳುತ್ತಾಳೆ. ಎಲಿಜಬೆತ್ ದಿನಾ ಬೆಳಿಗ್ಗೆ ಡೈರಿಯಲ್ಲಿ ಎರಡು ವಾರ ಮುಂದಿನ ಪುಟ ತೆರೆದು ತನಗೇ ಒಂದು ಪ್ರಶ್ನೆ ಬರೆದಿಡುತ್ತಾಳೆ. ಆ ದಿನ ಬಂದಾಗ ಉತ್ತರ ನೆನಪಿದೆಯೇ ಎಂದು ಪರೀಕ್ಷಿಸಿಕೊಳ್ಳುತ್ತಾಳೆ. ಗಂಡ ಸ್ಟೀಫನ್ ಕಣ್ಣೆದುರೇ ಮರೆವಿಗೆ ಜಾರುತ್ತಿದ್ದಾನೆ. ಆ ಪುಟವನ್ನು ಓದಿದವರ ಬಾಯಿಂದ ‘ಮುದ್ದು’ ಎಂಬ ಪದ ಹೇಗೆ ಬರುತ್ತದೆ?

ನನ್ನ ಅಮ್ಮನ ವಿಷಯವನ್ನೇ ಹೇಳುತ್ತೇನೆ. ಬದುಕಿಡೀ ಗಣಿತ ಕಲಿಸಿದವರು. ಹೋದ ವಾರ ಆಸ್ಪತ್ರೆಯಲ್ಲಿ ವೈದ್ಯರು ಅವರನ್ನು ಎದುರಿಗೇ ಕೂರಿಸಿಕೊಂಡು ನನ್ನನ್ನು ಕೇಳಿದರು, “ಇವರಿಗೆ ರಾತ್ರಿ ನಿದ್ದೆ ಬರುತ್ತದೆಯೇ?” ನಾನು ಉತ್ತರ ಕೊಟ್ಟೆ. ಹೌದು, ನಾನೂ ಕೊಟ್ಟೆ. ನೆನೆದರೆ ಈಗಲೂ ಸಂಕಟವಾಗುತ್ತದೆ. ಮರಳುವಾಗ ಆಟೋದಲ್ಲಿ ಅಮ್ಮ ಕನ್ನಡಕ ಏರಿಸಿ ಔಷಧಿ ಚೀಟಿ ಓದಿದರು. “ಈ ಮಾತ್ರೆಯನ್ನು ಕಳೆದ ಸಲವೇ ನಿಲ್ಲಿಸಿದ್ದರಲ್ಲ, ಮತ್ತೆ ಯಾಕೆ ಬರೆದಿದ್ದಾರೆ?” ಆಟೋ ತಿರುಗಿಸಿದೆವು. ಅಮ್ಮ ಹೇಳಿದ್ದೇ ಸರಿಯಾಗಿತ್ತು.

ಕಾದಂಬರಿಯಲ್ಲಿರುವಂತೆ ಪೊಲೀಸರು ಈ ನಾಲ್ವರಿಗೆ ಇಷ್ಟು ಸುಲಭವಾಗಿ ಗುಟ್ಟು ಬಿಟ್ಟುಕೊಡುತ್ತಾರೆಯೇ ಎಂದು ಓದುಗೂಟದಲ್ಲಿ ಕೆಲವರು ಕೇಳಿದರು. ಬಿಟ್ಟುಕೊಡಲಿಕ್ಕಿಲ್ಲ, ಒಪ್ಪುತ್ತೇನೆ. ಆದರೆ ಕಿಟಕಿಗೆ ಬೀಗ ಹಾಕಿಕೊಳ್ಳಿ ಎಂದು ಬುದ್ಧಿ ಹೇಳಲು ಬಂದ ಪೊಲೀಸ್ ಹುಡುಗಿ ಡೊನ್ನಾಗೆ, ಅದೆಲ್ಲ ನಮಗೆ ಗೊತ್ತಿದೆ, ಬೇರೆ ಮಾತನಾಡು ಎನ್ನುತ್ತಾರಲ್ಲ, ಅಷ್ಟು ಸತ್ಯ ನನಗೆ ಸಾಕು. ಮುದುಕರೆಂದರೆ ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕೇ ಇವರು ಎಲ್ಲಿಗೆ ಬೇಕಾದರೂ ಹೋಗಿ, ಏನು ಬೇಕಾದರೂ ಕೇಳಿ ಬರಬಲ್ಲರು. ಆಸ್ಮನ್‌ಗೆ ಈ ಕಥೆ ಹೊಳೆದದ್ದೂ ತಾಯಿ ಇದ್ದ ಇಂಥದೇ ವಸತಿಗೆ ಹೋಗಿದ್ದಾಗ. ಅವರು ಅಲ್ಲಿ ಕಣ್ಣು ಬಿಟ್ಟು ನೋಡಿದ್ದಾರೆ.

ಮುಂದಿನ ತಿಂಗಳು ಮತ್ತೆ ಆಸ್ಪತ್ರೆಗೆ ಹೋಗಬೇಕು. ಅಮ್ಮ ಒಳಗೆ ಹೋಗಿ ತಾವೇ ಮಾತನಾಡಲಿ. ನಾನು ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತೇನೆ.