‘ಎ’ ದಾಟದ ಪ್ರಯಾಣ

ನಿನ್ನೆ ಗುರುವಾರ, ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ, ಎಂಟು ತಿಂಗಳ ಸತತ ಪ್ರಯತ್ನದ ಬಳಿಕ ನಾನು ಮೊದಲ ಬಾರಿಗೆ ‘ಬಿ’ ಅಕ್ಷರವನ್ನು ಮುಟ್ಟಿದೆ. ಮುಟ್ಟಿದ ಅರ್ಧ ನಿಮಿಷದಲ್ಲಿ ಅದನ್ನು ಕಳೆದುಕೊಂಡೆ. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಕಾರು ಈಗ ನನ್ನದು, ಅದರೊಳಗಿನ ಸಂಗೀತ ನನ್ನದಲ್ಲ. ಭಾವನ ಮಗ, ಅಂದರೆ ನನ್ನ ಅಳಿಯ, ಕೆಲಸಕ್ಕೆಂದು ದುಬಾಯಿಗೆ ಹೊರಟಾಗ ಕಾರನ್ನು ನನಗೆ ಒಪ್ಪಿಸಿದ. ಸ್ಟೀರಿಯೋಗೆ ಚುಚ್ಚಿದ್ದ ಪೆನ್ ಡ್ರೈವ್ ಅಲ್ಲೇ ಉಳಿಯಿತು. ಅದರಲ್ಲಿ 300 ಪಾಶ್ಚಾತ್ಯ ಹಾಡುಗಳಿವೆ. ಈ ಸ್ಟೀರಿಯೋ ಹಾಡುಗಳನ್ನು ಶೀರ್ಷಿಕೆಯ ಮೊದಲ ಅಕ್ಷರದ ಸರದಿಯಲ್ಲಿ ಮಾತ್ರ ನುಡಿಸುತ್ತದೆ. ಇಂಜಿನ್ ನಿಂತಿತೆಂದರೆ ಎಲ್ಲಿಯವರೆಗೆ ಬಂದಿದ್ದೆನೆಂಬುದನ್ನು ಸಂಪೂರ್ಣ ಮರೆತು, ಹೋಂವರ್ಕ್ ಮಾಡದ ಹುಡುಗನಂತೆ ಪುನಃ ಮೊದಲ ಪುಟದಿಂದ ಓದತೊಡಗುತ್ತದೆ. ಮುಂದಿನ ಹಾಡಿಗೆ ಹಾರುವ ಗುಂಡಿ ನನ್ನ ಕಾಲಕ್ಕೆ ಮೊದಲೇ ಒಳಗೆ ಹೂತುಹೋಗಿದೆ. ಒಂದು ಹಾಡಿಗೆ 4 ನಿಮಿಷವೆಂದು ಹಿಡಿದರೂ ‘ಝಡ್’ ಅಕ್ಷರದ ‘ಝಾಂಬಿ’ಯನ್ನು ಕೇಳಬೇಕಾದರೆ 20 ಗಂಟೆ ಎಲ್ಲಿಯೂ ನಿಲ್ಲದೆ ಮುಂಬಯಿಯ ದಿಕ್ಕಿಗೆ ಓಡಿಸಬೇಕು.

ಮೊದಲ ಅಕ್ಷರದಿಂದ ಜಗತ್ತನ್ನು ಗುರುತಿಸುವ ವಿದ್ಯೆ ಗಡಿನಾಡಿನವರಾದ ನಮಗೆ ಹೊಸತೇನಲ್ಲ. ಬಸ್ಸಿನ ಬೋರ್ಡಿನ ಮಲಯಾಳವನ್ನು ಪೂರ್ತಿ ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗುವುದರಿಂದ, ಮೊದಲಕ್ಷರ ನೋಡಿ ಹತ್ತುವ ಅಭ್ಯಾಸ ನನ್ನ ಪ್ರಾಯದ ಅನೇಕರಿಗಿದೆ. ‘ಕಾ’ ಎಂದರೆ ಕಾಸರಗೋಡು ಎಂದು ನಂಬಿ ಹತ್ತಿ, ಅದು ಕಾಞಂಗಾಡಿನ ‘ಕಾ’ ಎಂದು ತಿಳಿದು ಚಂದ್ರಗಿರಿ ಸೇತುವೆಯ ಆಚೆ ಇಳಿದವನು ನಾನು. ಆದರೆ ಆ ‘ಕಾ’ ಎರಡೂ ಊರಿಗೆ ‘ಕಾ’ ಎಂದೇ ಉಚ್ಚಾರವಾಗುತ್ತದೆ. ಇಂಗ್ಲಿಷಿನ ‘ಎ’ಗೆ ಅಷ್ಟು ಪ್ರಾಮಾಣಿಕತೆಯೂ ಇಲ್ಲ. ‘ಎಬಿಸಿ’ಯಲ್ಲಿ ಅದು ಎ, ‘ಆಲ್ ಯು ನೀಡ್ ಈಸ್ ಲವ್’ನಲ್ಲಿ ಆ, ‘ಅನದರ್’ನಲ್ಲಿ ಅ, ‘ಆ್ಯಂಜಿ’ಯಲ್ಲಿ ಇನ್ನೇನೋ. ಮೂವತ್ತು ವರ್ಷ ಮಕ್ಕಳಿಗೆ ವರ್ಣಮಾಲೆ ಕಲಿಸಿದವನಿಗೆ ಇದು ಶುದ್ಧ ಅಶಿಸ್ತಾಗಿ ಕಾಣುತ್ತದೆ.

ಅದಕ್ಕಿಂತಲೂ ಮಿಗಿಲಾಗಿ, ಯಂತ್ರಕ್ಕೆ ಅಕ್ಷರಕ್ಕಿಂತ ಅಂಕಿ ಮೊದಲು. ಹಾಗಾಗಿ ಕೀಲಿ ತಿರುಗಿಸಿದಾಗಲೆಲ್ಲ ಮೊದಲು ಕೇಳಿಸುವುದು 1983ರ ‘99 ಲುಫ್ಟ್‌ಬಲೋನ್ಸ್’ ಎಂಬ ಜರ್ಮನ್ ಹಾಡು. ಆಕಾಶಕ್ಕೆ ಬಿಟ್ಟ 99 ಬಲೂನುಗಳನ್ನು ಕಂಡು ಸೇನಾಧಿಕಾರಿಗಳು ಗಾಬರಿಬಿದ್ದು ಯುದ್ಧವೇ ನಡೆದುಹೋಗುವ ಕಥೆಯಂತೆ. ಅಳಿಯ ಫೋನಿನಲ್ಲಿ ಹೇಳಿದ. ಇಷ್ಟು ಸಣ್ಣ ವಿಷಯಕ್ಕೆ ಯುದ್ಧವೇ ಎಂದು ಆಗ ನನಗೆ ನಗು ಬಂದಿತ್ತು. ಆಗಿನ್ನೂ ಭಾವನನ್ನು ಕೂರಿಸಿಕೊಂಡು ನಾನು ಮಂಗಳೂರಿಗೆ ಹೋಗಿರಲಿಲ್ಲ.

ಭಾವನ ಮೊಣಗಂಟಿನ ಚಿಕಿತ್ಸೆಗೆಂದು ಪ್ರತಿ ಗುರುವಾರ ನಮ್ಮ ಪ್ರಯಾಣ. ಕಾರು ನಿಂತಲ್ಲಿ ಇಂಜಿನ್ ಆಫ್ ಮಾಡದಿದ್ದರೆ ಅವರ ಜೀವ ಚಡಪಡಿಸುತ್ತದೆ. ಹೆದ್ದಾರಿಯ ಅಗಲೀಕರಣ ಶುರುವಾದಂದಿನಿಂದ ನಿಲ್ಲಲು ಕಾರಣಗಳಿಗೆ ಬರವಿರಲಿಲ್ಲ. ಮೊಗ್ರಾಲಿನಲ್ಲಿ ಜೆಸಿಬಿ ಅಡ್ಡ ಬಂದರೆ, “ಭಾವಾ, ಆಫ್ ಮಾಡಿ, ಪೆಟ್ರೋಲು ಸುಮ್ಮನೆ ಉರಿಯುತ್ತದೆ.” ಕುಂಬಳೆಯಲ್ಲಿ ಬಾಳೆಗೊನೆಯ ಕ್ರಯ ಕೇಳಲು ಆಫ್. ಬಂದ್ಯೋಡಿನಲ್ಲಿ ಪರಿಚಯದವರೊಬ್ಬರು ಕೈಯೆತ್ತಿದರೆಂದು ಆಫ್. ಅವರು ಕೈಯೆತ್ತಿದ್ದು ಬಸ್ಸಿಗೆ. ಪ್ರತಿ ಬಾರಿಯೂ 99 ಬಲೂನು. ಲೆಕ್ಕ ಹಾಕಿದರೆ ಈ ಎಂಟು ತಿಂಗಳಲ್ಲಿ ನಾನು ಹಾರಿಸಿದ ಬಲೂನುಗಳಿಗೆ ಕೇರಳದ ಆಕಾಶ ಸಾಲದು.

ಬಲೂನಿನ ನಂತರದ್ದು ಬೀಟಲ್ಸ್ ತಂಡದ 1964ರ ‘ಎ ಹಾರ್ಡ್ ಡೇಸ್ ನೈಟ್’. ಅದರ ಆರಂಭದಲ್ಲಿ ಗಿಟಾರಿನ ಒಂದೇ ಒಂದು ದೊಡ್ಡ ಝೇಂಕಾರವಿದೆ. ಅದನ್ನು ಹೇಗೆ ನುಡಿಸಿದರೆಂದು ಬಲ್ಲವರು ದಶಕಗಟ್ಟಲೆ ಚರ್ಚಿಸಿದ್ದಾರೆ. ನಮ್ಮ ಮೊದಲ ಗುರುವಾರ ಶಿರಿಯ ಸೇತುವೆಯನ್ನು ದಾಟಿದೊಡನೆ ಆ ಝೇಂಕಾರ ಹೊಮ್ಮಿತು. ಭಾವ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು, “ನಿಲ್ಲಿಸಿ, ನಿಲ್ಲಿಸಿ, ಎಂಥದೋ ತುಂಡಾಯಿತು!” ಎಂದರು. ಸತ್ಯ ಹೇಳಬೇಕೆಂದರೆ ನನಗೂ ಹಾಗೆಯೇ ಅನ್ನಿಸಿತ್ತು. ಇಳಿದು ಚಕ್ರಗಳಿಗೆ ಒದ್ದು ನೋಡಿದೆವು, ಕಾರಿನ ಅಡಿಗೆ ಬಗ್ಗಿ ನೋಡಿದೆವು, ಏನೂ ಕಾಣಲಿಲ್ಲ. ಹೊರಟೆವು. ನಾಲ್ಕು ನಿಮಿಷ ಬಲೂನು, ಅನಂತರ ಪುನಃ ಝೇಂಕಾರ. “ನಾನು ಹೇಳಲಿಲ್ಲವೇ? ಬಿಸಿಯಾದ ಮೇಲೆ ಬರುವ ಶಬ್ದ ಇದು,” ಎಂದು ಭಾವ ರೋಗ ನಿದಾನವನ್ನೂ ಮಾಡಿಬಿಟ್ಟರು. ಪುನಃ ಇಳಿದೆವು, ಪುನಃ ಒದ್ದೆವು.

ಉಪ್ಪಳದ ಗ್ಯಾರೇಜಿಗೆ ಮುಟ್ಟುವಾಗ ಆ ಶಬ್ದ ಮೂರು ಸಲ ಬಂದಿತ್ತು. ಮೆಕ್ಯಾನಿಕ್ ಕೀಲಿ ತಿರುಗಿಸಿ, ಎರಡು ನಿಮಿಷ ಕಿವಿಗೊಟ್ಟು, ಇಂಜಿನ್ ಚಿನ್ನದ ಹಾಗಿದೆ ಎಂದು ಆಫ್ ಮಾಡಿದ. ಅಷ್ಟು ಬೇಗ ಬರುವುದಿಲ್ಲ, ನಾಲ್ಕು ನಿಮಿಷ ಬೇಕು ಎಂದು ಭಾವ ಪಟ್ಟುಹಿಡಿದರು. ಪುನಃ ತಿರುಗಿಸಿದ. ಮೆಕ್ಯಾನಿಕ್, ಭಾವ, ನಾನು ಮತ್ತು ಚಾ ಕುಡಿಯಲು ಬಂದ ಇಬ್ಬರು ರಿಕ್ಷಾದವರು ಬಾನೆಟ್ಟಿನ ಸುತ್ತ ತಲೆಬಾಗಿ, ಹೆರಿಗೆಯ ಕೋಣೆಯ ಹೊರಗೆ ಕಾಯುವವರಂತೆ ಆ ಜರ್ಮನ್ ಹಾಡನ್ನು ಪೂರ್ತಿ ಕೇಳಿದೆವು. ಝೇಂಕಾರ ಬಂತು. “ಅದೇ!” ಎಂದು ಭಾವ ವಿಜಯದಿಂದ ಕೈಯೆತ್ತಿದರು. ಮೂಲೆಯಲ್ಲಿ ಟಯರು ಉಜ್ಜುತ್ತಿದ್ದ ಹುಡುಗ ತಲೆಯನ್ನೂ ಎತ್ತದೆ, “ಮಾಷೇ, ಅದು ಪಾಟ್ಟಾಣ್,” ಎಂದ. ಹಾಡಂತೆ! ಉಪ್ಪಳದಿಂದ ತಲಪಾಡಿಯವರೆಗೆ ನಾವಿಬ್ಬರೂ ಮಾತನಾಡಲಿಲ್ಲ.

ಉಳಿದ ‘ಎ’ಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. 1979ರ ಪಿಂಕ್ ಫ್ಲಾಯ್ಡ್ ತಂಡದ ಹಾಡೊಂದರಲ್ಲಿ ಲಂಡನ್ನಿನ ಶಾಲಾಮಕ್ಕಳು ತಮಗೆ ವಿದ್ಯೆ ಬೇಡವೆಂದು ಒಕ್ಕೊರಲಿನಿಂದ ಹಾಡುತ್ತಾರೆ. ಆ ವಾಕ್ಯದಲ್ಲಿ ಎರಡು ನಿಷೇಧಗಳಿರುವುದರಿಂದ ವ್ಯಾಕರಣದ ಪ್ರಕಾರ ಬೇಕು ಎಂದೇ ಅರ್ಥವಾಗುತ್ತದೆಂದು ನಿವೃತ್ತ ಮಾಸ್ತರನಾದ ನಾನು ಸಮಾಧಾನ ಮಾಡಿಕೊಂಡಿದ್ದೇನೆ. ಅದರ ಬೆನ್ನಿಗೇ ಬರುವ ಕ್ವೀನ್ ತಂಡದ ಹಾಡಿನ ಶೀರ್ಷಿಕೆಯಲ್ಲಿ ಧೂಳಿನ ಪ್ರಸ್ತಾಪವಿದೆ. ನಮ್ಮ ಹೆದ್ದಾರಿಗೆ ಅದಕ್ಕಿಂತ ಯೋಗ್ಯವಾದ ಹಾಡಿಲ್ಲ.

ಈ ಪೆನ್ ಡ್ರೈವನ್ನು ಕಿತ್ತು ಯಕ್ಷಗಾನ ಹಾಕುವೆನೆಂದು ಒಮ್ಮೆ ಹೇಳಿದೆ. ಭಾವ ಕಿಟಕಿಯಾಚೆ ನೋಡುತ್ತಾ, “ಇರಲಿ, ಅವನು ಹಾಕಿದ್ದಲ್ಲವೇ?” ಎಂದರು. ಅಳಿಯ ಮನೆಯಲ್ಲಿದ್ದಾಗ ಕೋಣೆಯ ಬಾಗಿಲು ಮುಚ್ಚಿ ಕೇಳುತ್ತಿದ್ದ ಹಾಡುಗಳಿವು. ಸ್ವರ ಕಡಿಮೆ ಮಾಡೆಂದು ಹೊರಗಿನಿಂದ ಕೂಗುವುದಷ್ಟೇ ಇವುಗಳೊಂದಿಗೆ ಭಾವನಿಗಿದ್ದ ಸಂಬಂಧ. ಆ ಬಳಿಕ ನಾನು ಆ ಮಾತೆತ್ತಲಿಲ್ಲ.

ನಿನ್ನೆ ಪವಾಡವೇ ನಡೆಯಿತು. ಜೆಸಿಬಿ ಇರಲಿಲ್ಲ, ಬಾಳೆಗೊನೆ ಇರಲಿಲ್ಲ, ಭಾವನಿಗೆ ನಿದ್ದೆ. ತಲಪಾಡಿ ದಾಟುವಾಗ ‘ಎ’ಯ 13 ಹಾಡುಗಳೂ ಮುಗಿದು, ಪರದೆಯಲ್ಲಿ ‘ಬಾಬಾ ಓರೈಲಿ’ ಎಂದು ಮೂಡಿತು. ನಾನು ಸಂತೋಷದಿಂದ ಭಾವನನ್ನು ಎಬ್ಬಿಸಿದೆ. ದ ಹೂ ತಂಡದ ಈ 1971ರ ಹಾಡಿನ ಬಾಬಾ ಎಂದರೆ ನಮ್ಮ ದೇಶದ ಆಧ್ಯಾತ್ಮಿಕ ಗುರು ಮೆಹರ್ ಬಾಬಾ ಎಂದು ಅಳಿಯ ಹೇಳಿದ್ದ. ಭಾವ ನೆಟ್ಟಗೆ ಕುಳಿತು, ಭಜನೆಗೆಂಬಂತೆ ಕಿವಿಗೊಟ್ಟರು. ಹಾಡಿನೊಳಗೆ ಎಲ್ಲಿಯೂ ಬಾಬಾ ಎಂಬ ಶಬ್ದವೇ ಇಲ್ಲವೆಂಬುದನ್ನು ನಾನು ಹೇಳಲಿಲ್ಲ. ಮೊದಲ ಸಾಲೇ ಹಾಡಿನ ಹೆಸರಾಗಿರುವ ನಾಡಿನಲ್ಲಿ ಬೆಳೆದವರಿಗೆ ಅದನ್ನು ಹೇಗೆ ವಿವರಿಸುವುದು? ಕೀಬೋರ್ಡಿನ ಅಲೆಗಳು ಏಳತೊಡಗಿದ್ದವಷ್ಟೇ, ಪೆಟ್ರೋಲಿನ ಕೆಂಪು ದೀಪ ಹತ್ತಿತು. ಕರ್ನಾಟಕದ ಕಡೆ ಕ್ರಯ ಕಡಿಮೆಯೆಂದು ತಲಪಾಡಿ ದಾಟಿಯೇ ತುಂಬಿಸುವುದು ನಮ್ಮ ವಾಡಿಕೆ. ಬಂಕೂ ಎದುರಿಗೇ ಇತ್ತು. ಬಂಕಿನ ಹುಡುಗ ಬಂದು, “ಆಫ್ ಮಾಡಿ ಸರ್,” ಎಂದ.

ಹಣ ಕೊಟ್ಟು ಕೀಲಿ ತಿರುಗಿಸಿದೆ. ಬಲೂನುಗಳು ಹಾರಿದವು. ನಾನು ಹಲ್ಲು ಕಚ್ಚಿಕೊಂಡು ಸ್ಟೀರಿಂಗ್ ಹಿಡಿದಿದ್ದೆ. ಭಾವ ಸೀಟಿಗೆ ಒರಗಿ, ಕಣ್ಣು ಮುಚ್ಚಿ, ಬೆರಳುಗಳಿಂದ ಮೊಣಗಂಟಿನ ಮೇಲೆ ತಾಳ ಹಾಕುತ್ತಾ ಹಾಡು ಮುಗಿಯುವುದನ್ನೇ ಕಾಯುತ್ತಿದ್ದರು. ಕೋಟೆಕಾರಿನ ಹತ್ತಿರ ಅದು ಮುಗಿದಾಗ ಒಂದು ಬೆರಳನ್ನು ಮೇಲೆತ್ತಿ, “ಭಾವಾ, ಈಗ ತುಂಡಾಗುತ್ತದೆ ನೋಡಿ,” ಎಂದರು.